ಕೂಳೆ ಕಬ್ಬು

ನಾನು ಓಟ ಬಿಟ್ಟ ತಾರೀಖು ನನಗೆ ಗೊತ್ತಿಲ್ಲ.

ಕ್ರಿಕೆಟ್ ಆಡುವವರಿಗೆ ಈ ಕಷ್ಟ ಇಲ್ಲ. ಪತ್ರಕರ್ತರನ್ನು ಕರೆಯುತ್ತಾರೆ, ಎರಡು ಮಾತಾಡುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಮಾರನೇ ದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ಜಿಲ್ಲಾ ಮಟ್ಟ, ಯೂನಿವರ್ಸಿಟಿ ಮಟ್ಟದಲ್ಲಿ ಓಡಿದ ನಮ್ಮಂಥ ಹುಡುಗಿಯರು ನಿವೃತ್ತಿ ಆಗುವುದಿಲ್ಲ. ಒಂದು ದಿನ ಗ್ರೌಂಡಿಗೆ ಹೋಗುವುದಿಲ್ಲ. ಆಮೇಲೆ ಒಂದು ವಾರ ಹೋಗುವುದಿಲ್ಲ. ಆಮೇಲೊಂದು ದಿನ ಅವ್ವ ಸ್ಪೈಕ್ ಶೂ ಕೈಯಲ್ಲಿ ಹಿಡಿದು ಬಂದು "ಇದ್ನ ಏನ್ ಮಾಡನವ್ವ?" ಅಂತ ಕೇಳುತ್ತಾಳೆ. "ಇರ್ಲಿ ಬಿಡವ್ವ" ಅನ್ನುತ್ತೇವೆ. ಅಷ್ಟೇ ಬೀಳ್ಕೊಡುಗೆ.

ನಾನು ಹುಟ್ಟಿದ್ದು 1986ರಲ್ಲಿ, ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮನೆ ಮುಂದೆ ನಿಂತರೆ ಒಂದು ಕಡೆ ಕುಂತಿಬೆಟ್ಟ, ಇನ್ನೊಂದು ಕಡೆ ಕಬ್ಬು. ಊರಿನ ಪಕ್ಕದಲ್ಲೇ ವಿಶ್ವೇಶ್ವರಯ್ಯ ನಾಲೆ. ಈಗ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರ್. ಮಕ್ಕಳ ಬಾಯಲ್ಲಿ ಪಿಟಿ ಮಿಸ್. ನನ್ನ ಓಟ ಶುರುವಾದದ್ದು ಒಬ್ಬರು ಲೆಕ್ಕ ತಪ್ಪಿದ್ದರಿಂದ.

ಒಂಬತ್ತನೇ ಕ್ಲಾಸು. ಹೋಬಳಿ ಮಟ್ಟದ ಕ್ರೀಡಾಕೂಟ. ಹುಡುಗಿಯರಿಗೆ ಇದ್ದ ಅತಿ ಉದ್ದದ ಓಟ ಮೂರು ಸಾವಿರ ಮೀಟರ್. ಮೈದಾನ ಚಿಕ್ಕದು, ಸುಣ್ಣದ ಪುಡಿಯಲ್ಲಿ ಎಳೆದ 200 ಮೀಟರ್ ಟ್ರ್ಯಾಕು. ಅಂದರೆ ಹದಿನೈದು ಸುತ್ತು. ಸುತ್ತು ಎಣಿಸುತ್ತಿದ್ದವರು ಮಧ್ಯೆ ಯಾರ ಜೊತೆಗೋ ಮಾತಿಗೆ ನಿಂತರು. ಹದಿನೈದನೇ ಸುತ್ತು ಮುಗಿಸಿ ಮುಂದಿದ್ದ ಹುಡುಗಿ ನಿಂತಳು. "ಇನ್ನೂ ಒಂದೈತೆ, ಓಡು ಓಡು" ಅಂತ ಕೂಗಿದರು. ಅವಳು ಅಳುತ್ತಾ ಕೂತುಬಿಟ್ಟಳು. ಎರಡನೆಯವಳಾಗಿದ್ದ ನನಗೆ ವಾದ ಮಾಡಲು ಬರುತ್ತಿರಲಿಲ್ಲ. ಸುಮ್ನೆ ಓಡಿದೆ. ಹದಿನಾರನೇ ಸುತ್ತಿಗೆ ಮೊದಲ ಬಹುಮಾನ ಬಂತು, ಒಂದು ಸ್ಟೀಲ್ ತಟ್ಟೆ. ಆ ತಟ್ಟೆಯಲ್ಲಿ ಊಟ ಮಾಡುವಾಗೆಲ್ಲ ಆ ಹುಡುಗಿಯ ಮುಖ ನೆನಪಿಗೆ ಬರುತ್ತಿತ್ತು. ನ್ಯಾಯವಾಗಿ ಗೆದ್ದವಳು ಅವಳೇ ಅಲ್ವಾ? ಆದರೆ ತಾಲ್ಲೂಕು ಮಟ್ಟಕ್ಕೆ ಹೋದವಳು ನಾನು, ಅಲ್ಲಿಂದ ಜಿಲ್ಲಾ ಮಟ್ಟಕ್ಕೂ ನಾನೇ.

ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಸ್ಟೇಡಿಯಮ್ಮಿನಲ್ಲಿ ಮೊದಲ ಸಲ 400 ಮೀಟರ್ ಟ್ರ್ಯಾಕ್ ನೋಡಿದೆ. ಅದು ಎಷ್ಟು ದೊಡ್ಡದಾಗಿ ಕಂಡಿತು ಅಂದರೆ, ಆಚೆ ಬದಿಯಲ್ಲಿ ಓಡುವವರ ಮುಖವೇ ಗೊತ್ತಾಗುತ್ತಿರಲಿಲ್ಲ.

ನಮ್ಮಜ್ಜಿಗೆ ಇದು ಒಂಚೂರೂ ಹಿಡಿಸಲಿಲ್ಲ. "ಹೆಣ್ಣೈಕ್ಳು ಹಿಂಗ್ ಓಡುದ್ರೆ ಗರ್ಭಚೀಲ ಜಾರೋಯ್ತದೆ ಕಣೇ" ಅನ್ನುತ್ತಿದ್ದಳು. ಅಜ್ಜಿ ಓದು ಬರಹ ಇಲ್ಲದವಳು, ಅದಕ್ಕೇ ಹಾಗೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಓದಿದಾಗ ತಿಳಿಯಿತು, 1960ರ ದಶಕದ ಅಮೆರಿಕದಲ್ಲೂ ಓದಿದವರೇ ಇದನ್ನೇ ಹೇಳುತ್ತಿದ್ದರು. 1967ರಲ್ಲಿ ಬಾಸ್ಟನ್ ಮ್ಯಾರಥಾನಿಗೆ ಕ್ಯಾಥರಿನ್ ಸ್ವಿಟ್ಜರ್ ಅನ್ನುವ ಹುಡುಗಿ 261 ನಂಬರ್ ಹಾಕಿಕೊಂಡು ಓಡಿದಾಗ, ಓಟದ ಅಧಿಕಾರಿಯೊಬ್ಬ ಮಧ್ಯ ರಸ್ತೆಯಲ್ಲಿ ಅವಳನ್ನು ಹಿಡಿದು ಆ ನಂಬರ್ ಕೀಳಲು ನೋಡಿದ. ಅವಳು ಬಿಡಿಸಿಕೊಂಡು ಓಡಿ ಮುಗಿಸಿದಳು. ಆ ಓಟದಲ್ಲಿ ಹೆಂಗಸರಿಗೆ ಅಧಿಕೃತವಾಗಿ ಜಾಗ ಸಿಕ್ಕಿದ್ದು 1972ರಲ್ಲಿ.

ಅದಕ್ಕೂ ಹಿಂದಿನ ಕಥೆ ಇನ್ನೂ ಚೆನ್ನಾಗಿದೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರಿಗೆ 800 ಮೀಟರ್ ಓಟ ಇಟ್ಟರು. ಫೈನಲ್‌ನಲ್ಲಿ ಓಡಿದ್ದು ಒಂಬತ್ತು ಜನ, ಮುಗಿಸಿದ್ದೂ ಒಂಬತ್ತು ಜನ. ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆ ಮಾಡಿ ಗೆದ್ದಳು. ಓಟ ಮುಗಿದ ಮೇಲೆ ಕೆಲವರು ದಣಿದು ನೆಲಕ್ಕೆ ಒರಗಿದರು. 800 ಮೀಟರ್ ಓಡಿ ಮುಗಿಸಿದ ಯಾರಾದರೂ ಹಾಗೆ ಮಾಡುತ್ತಾರೆ, ಗಂಡಸರೂ ಮಾಡುತ್ತಾರೆ. ಪೇಪರಿನವರು ಮಾತ್ರ ಹೆಂಗಸರು ದಾರಿ ತುಂಬಾ ಬಿದ್ದು ಒದ್ದಾಡಿದರು ಅಂತ ಬರೆದರು. ಅಷ್ಟು ಸಾಕಾಯಿತು. 1960ರ ರೋಮ್ ಒಲಿಂಪಿಕ್ಸ್ ತನಕ ಹೆಂಗಸರಿಗೆ 200 ಮೀಟರ್‌ಗಿಂತ ಉದ್ದದ ಓಟವೇ ಇರಲಿಲ್ಲ. ಮೂವತ್ತೆರಡು ವರ್ಷ! ಒಲಿಂಪಿಕ್ಸ್‌ಗೆ ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಜೋನ್ ಬೆನೊಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದಳು. ಅದೇ ಓಟದ ಕೊನೇ ಸುತ್ತಿನಲ್ಲಿ ಸ್ವಿಟ್ಜರ್‌ಲೆಂಡಿನ ಗೇಬ್ರಿಯೆಲಾ ಆಂಡರ್‌ಸನ್ ಬಿಸಿಲಿಗೆ ತೂರಾಡುತ್ತಾ, ಒಂದು ಕಡೆಗೆ ವಾಲಿಕೊಂಡು ಬಂದು ಗೆರೆ ದಾಟಿದಳು. 1928ರಲ್ಲಿ ಬೀಳದವರನ್ನು ಬಿದ್ದರು ಅಂದು ಓಟ ತೆಗೆದುಹಾಕಿದ್ದರು. 1984ರಲ್ಲಿ ನಿಜಕ್ಕೂ ಬೀಳುವ ಹಾಗಿದ್ದವಳನ್ನು ಜಗತ್ತೇ ನೋಡಿತು. ಓಟ ಮಾತ್ರ ಉಳಿಯಿತು.

ನನ್ನ ಓಟ ಹತ್ತು ಸಾವಿರ ಮೀಟರ್. ಅದು ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಬಂದದ್ದು 1988ರಲ್ಲಿ, ಸೋಲ್‌ನಲ್ಲಿ. ಅಂದರೆ ನಾನು ಹುಟ್ಟಿದಾಗ ಅದು ಇರಲೇ ಇಲ್ಲ. ನನಗಿಂತ ಎರಡು ವರ್ಷ ಚಿಕ್ಕ ಓಟ ಅದು. ಅಜ್ಜಿ ಹೇಳಿದ್ದರಲ್ಲಿ ಆಶ್ಚರ್ಯ ಏನಿದೆ?

ಅಪ್ಪ ಮಾತ್ರ ಏನೂ ಹೇಳಲಿಲ್ಲ, ಬೇಡ ಅಂತಲೂ, ಹೂಂ ಅಂತಲೂ. ಬೆಳಗಿನ ಜಾವ ನಾಲೆ ಏರಿ ಮೇಲೆ ಓಡಲು ಹೋಗುತ್ತಿದ್ದೆ. ಎರಡು ಕಡೆಯೂ ಆಳೆತ್ತರದ ಕಬ್ಬು, ಅದರೊಳಗೆ ಚಿರತೆ ಇದೆ ಅನ್ನುವ ಸುದ್ದಿ ವರ್ಷಕ್ಕೊಂದು ಸಲ ಬಂದೇ ಬರುತ್ತಿತ್ತು. ಮೂರನೇ ದಿನವೋ ನಾಲ್ಕನೇ ದಿನವೋ ಹಿಂದಿನಿಂದ ಟಿವಿಎಸ್ ಸದ್ದು ಕೇಳಿಸಿತು. "ನೀರು ಕಟ್ಟಕ್ಕೆ ಎಂಗೂ ಬತ್ತೀನಿ, ನೀ ಓಡವ್ವ" ಅಂದರು ಅಪ್ಪ. ಅವತ್ತಿನಿಂದ ನನ್ನ ನೆರಳು ಯಾವಾಗಲೂ ನನ್ನ ಮುಂದೆಯೇ ಓಡುತ್ತಿತ್ತು, ಹಿಂದೆ ಗಾಡಿ ಲೈಟು ಇರುತ್ತಿತ್ತಲ್ಲ. ನಾಲೆಗೆ ನೀರು ಬಿಡದ ತಿಂಗಳಲ್ಲೂ ಅಪ್ಪ ನೀರು ಕಟ್ಟಲು ಬರುತ್ತಿದ್ದರು. ಅದನ್ನು ನಾನು ಎತ್ತಿ ಆಡಲಿಲ್ಲ. ಆಲೆಮನೆ ನಡೆಯುವ ಕಾಲದಲ್ಲಿ ಬೆಲ್ಲದ ಪಾಕದ ವಾಸನೆ ಏರಿ ತನಕ ಬರುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ಆ ವಾಸನೆ ಕುಡಿದು ಓಡುವುದಿದೆಯಲ್ಲ, ಅದು ಈಗಲೂ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಡಿಗ್ರಿಗೆ ಮೈಸೂರಿಗೆ ಬಂದೆ, 2004ರಲ್ಲಿ. ಹಾಸ್ಟೆಲ್ ಗೇಟು ತೆಗೆಯುತ್ತಿದ್ದದ್ದು ಆರು ಗಂಟೆಗೆ. ಹುಡುಗರು ಐದಕ್ಕೇ ಗ್ರೌಂಡಿನಲ್ಲಿ ಇರುತ್ತಿದ್ದರು. ನಾವು ಮೂವರು ಹುಡುಗಿಯರು ಆರೂ ಕಾಲಿಗೆ ಓಡೋಡಿ ಹೋಗುವ ಹೊತ್ತಿಗೆ ಅವರ ಅರ್ಧ ಪ್ರಾಕ್ಟೀಸ್ ಮುಗಿದಿರುತ್ತಿತ್ತು. ವಾರ್ಡನ್ ಹತ್ತಿರ ಕೇಳಿದೆವು. "ಏನಾದ್ರೂ ಆದ್ರೆ ಯಾರು ಹೊಣೆ?" ಅಂದರು. ಅವರ ಮಾತೂ ಸುಳ್ಳಲ್ಲ. ಆದರೆ ದಿನಕ್ಕೆ ಒಂದು ಗಂಟೆ, ವರ್ಷಕ್ಕೆ ಮುನ್ನೂರು ದಿನ ಅಂತ ಲೆಕ್ಕ ಹಾಕಿ ನೋಡಿ. ಮೂರು ವರ್ಷದಲ್ಲಿ ಆ ಗೇಟು ನನ್ನ ಒಂಬೈನೂರು ಗಂಟೆ ತಿಂದಿತ್ತು.

ಆದರೂ ಅವು ಒಳ್ಳೆ ದಿನಗಳು. ಭಾನುವಾರ ಚಾಮುಂಡಿಬೆಟ್ಟದ ಪಾದಕ್ಕೆ ಹೋಗುತ್ತಿದ್ದೆವು. ಸಾವಿರ ಮೆಟ್ಟಿಲು ಹತ್ತುವುದು ಹರಕೆ ಹೊತ್ತವರಿಗೆ ಭಕ್ತಿ, ನಮಗೆ ಸ್ಟ್ರೆಂತ್ ವರ್ಕ್. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರ ಪಕ್ಕದಲ್ಲೇ ಎರಡೆರಡು ಮೆಟ್ಟಿಲು ಹಾರಿ ಹೋಗುವಾಗ ನಾಚಿಕೆ ಆಗುತ್ತಿತ್ತು. ಏಳುನೂರನೇ ಮೆಟ್ಟಿಲ ಹತ್ತಿರ ನಂದಿ ಸಿಗುತ್ತಾನೆ. ಅಲ್ಲಿಗೆ ಕಾಲು ಕಲ್ಲಾಗಿರುತ್ತಿತ್ತು. ನಂದಿ ಮುನ್ನೂರು ವರ್ಷದ ಮೇಲಿಂದ ಅಲ್ಲೇ ಕೂತಿದ್ದಾನೆ, ಪುಣ್ಯವಂತ, ಅಂತ ನಮ್ಮ ಜೊತೆಯವಳೊಬ್ಬಳು ಪ್ರತಿ ವಾರವೂ ಹೇಳುತ್ತಿದ್ದಳು.

ಹತ್ತು ಸಾವಿರ ಅಂದರೆ ಟ್ರ್ಯಾಕಿನಲ್ಲಿ ಇಪ್ಪತ್ತೈದು ಸುತ್ತು. ನೋಡುವವರಿಗೆ ಇದರಷ್ಟು ಬೇಜಾರಿನ ಓಟ ಇನ್ನೊಂದಿಲ್ಲ. ಓಡುವವಳಿಗೆ ಗೊತ್ತು, ಮೊದಲ ಐದು ಸುತ್ತು ತಡೆದುಕೊಳ್ಳುವುದೇ ಕೆಲಸ. ಕಾಲು ಓಡು ಅನ್ನುತ್ತದೆ, ತಲೆ ಬೇಡ ಅನ್ನಬೇಕು. ಹದಿನೈದರಿಂದ ಇಪ್ಪತ್ತರ ತನಕ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಓಟದ ತೀರ್ಮಾನ ಆಗುವುದು ಅಲ್ಲೇ. ಇಪ್ಪತ್ತೊಂದನೇ ವಯಸ್ಸಿನಲ್ಲಿ, 2007ರಲ್ಲಿ, ನಾನು ಅದನ್ನು 40 ನಿಮಿಷ 12 ಸೆಕೆಂಡಿನಲ್ಲಿ ಓಡಿದೆ. ದೊಡ್ಡ ಟೈಮಿಂಗ್ ಏನಲ್ಲ. ನಮ್ಮ ಮಟ್ಟಕ್ಕೆ ಪರವಾಗಿಲ್ಲ.

ಇಲ್ಲಿಂದ ಮುಂದೆ ಹೇಳಬೇಕಾದದ್ದನ್ನು ನಾನು ತುಂಬಾ ವರ್ಷ ಯಾರಿಗೂ ಹೇಳಿರಲಿಲ್ಲ.

ನಲವತ್ತು ನಿಮಿಷದ ಒಳಗೆ ಬರಬೇಕು ಅಂದರೆ ತೂಕ ಇಳಿಸು ಅಂತ ಹೇಳಿದರು. ಹೇಳಿದವರು ಕೆಟ್ಟವರಲ್ಲ. ಅವರಿಗೆ ಅವರ ಗುರುಗಳು ಹೇಳಿಕೊಟ್ಟದ್ದು ಅದೇ. ನಾನು ಅನ್ನ ಅರ್ಧ ಮಾಡಿದೆ. ರಾತ್ರಿ ಊಟ ಬಿಟ್ಟೆ. ಮುದ್ದೆ ಭಾರ ಅಂತ ಅದನ್ನೂ ಬಿಟ್ಟು ಬ್ರೆಡ್ ತಿನ್ನತೊಡಗಿದೆ. ಮಂಡ್ಯದ ಹುಡುಗಿ ಮುದ್ದೆ ಬಿಟ್ಟಳು ಅಂದರೆ ಅಲ್ಲೇ ಯಾರಾದರೂ ಎಚ್ಚರಿಸಬೇಕಿತ್ತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಮೂಳೆಗೆ ಅದಕ್ಕಿಂತ ಒಳ್ಳೇದನ್ನು ಆ ಹಾಸ್ಟೆಲಿನಲ್ಲಿ ಯಾರೂ ನನಗೆ ಕೊಡುತ್ತಿರಲಿಲ್ಲ.

ಮೊದಲ ಎರಡು ತಿಂಗಳು ಟೈಮಿಂಗ್ ಚೆನ್ನಾಗಿಯೇ ಬಂತು. ಆಮೇಲೆ ಮುಟ್ಟು ನಿಂತಿತು. ಒಂದು ತಿಂಗಳಲ್ಲ, ಎರಡಲ್ಲ, ಎಂಟು ತಿಂಗಳು. ನಮಗೆ ಭಯ ಆಗಬೇಕಿತ್ತು. ಆಗಲಿಲ್ಲ, ಖುಷಿ ಆಯಿತು! ಬಟ್ಟೆ, ಕಲೆ, ಹೊಟ್ಟೆನೋವು ಯಾವುದೂ ಇಲ್ಲ, ಮೀಟ್ ಇರುವ ದಿನ ಏನಾಗುತ್ತೋ ಅನ್ನುವ ಆತಂಕ ಇಲ್ಲ. "ನಿಂಗೂ ನಿಂತೋಯ್ತಾ? ಆರಾಮಾಯ್ತು ಬಿಡು" ಅಂತ ಹುಡುಗಿಯರು ಮಾತಾಡಿಕೊಳ್ಳುತ್ತಿದ್ದೆವು. ಪ್ರಾಕ್ಟೀಸ್ ಗಟ್ಟಿಯಾಗಿ ನಡೀತಿದೆ ಅನ್ನುವುದಕ್ಕೆ ಅದೇ ಗುರುತು ಅಂದುಕೊಂಡಿದ್ದೆವು.

ದೇಹದ ಲೆಕ್ಕ ತುಂಬಾ ಸರಳ. ತಿಂದದ್ದರಲ್ಲಿ ಓಟಕ್ಕೆ ಖರ್ಚಾಗಿ ಮಿಕ್ಕಿದ್ದು ಸಾಲದೇ ಹೋದರೆ, ಜೀವ ಉಳಿಸಲು ಬೇಕಿಲ್ಲದ ಕೆಲಸಗಳನ್ನು ಅದು ಒಂದೊಂದಾಗಿ ನಿಲ್ಲಿಸುತ್ತದೆ. ಮೊದಲು ನಿಲ್ಲುವವುಗಳಲ್ಲಿ ಮುಟ್ಟೂ ಒಂದು. ಅದರ ಜೊತೆಗೆ ಈಸ್ಟ್ರೋಜೆನ್ ಇಳಿಯುತ್ತದೆ. ಈಸ್ಟ್ರೋಜೆನ್ ಇಳಿದರೆ ಮೂಳೆ ಸವೆಯುತ್ತದೆ. ಅದೂ ಯಾವ ವಯಸ್ಸಿನಲ್ಲಿ? ಮೂಳೆ ಗಟ್ಟಿಯಾಗುತ್ತಾ ಹೋಗಬೇಕಾದ ಇಪ್ಪತ್ತರ ಆಸುಪಾಸಿನಲ್ಲಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟು ಎಚ್ಚರಿಕೆ ಕೊಟ್ಟದ್ದು 2014ರಲ್ಲಿ. ಅದಕ್ಕೂ ಮುಂಚೆಯೇ ಡಾಕ್ಟರುಗಳಿಗೆ ಇದು ಬೇರೆ ಹೆಸರಿನಲ್ಲಿ ಗೊತ್ತಿತ್ತು. ನಮ್ಮ ಗ್ರೌಂಡಿಗೆ ಮಾತ್ರ ಬಂದಿರಲಿಲ್ಲ.

ಕಣಕಾಲಿನ ಒಳಬದಿಯಲ್ಲಿ ನೋವು ಶುರುವಾಯಿತು. ಬೆರಳಿಟ್ಟು ತೋರಿಸಬಹುದಾದಂಥ ಒಂದೇ ಜಾಗದಲ್ಲಿ. ಎಕ್ಸ್‌ರೇ ತೆಗೆದರು, ಏನೂ ಇಲ್ಲ ಅಂದರು. ಈ ಥರದ ಕೂದಲೆಳೆಯಂಥ ಬಿರುಕು ಮೊದಮೊದಲು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ ಎಷ್ಟೋ ಸಲ. ನೋವಿನ ಮಾತ್ರೆ ಕೊಟ್ಟರು. ನುಂಗಿ ಓಡಿದೆ. ಯೂನಿವರ್ಸಿಟಿ ತಂಡದ ಆಯ್ಕೆಗೆ ಓಡುವಾಗ ಹನ್ನೆರಡನೇ ಸುತ್ತಿನಲ್ಲಿ ಕಾಲು ನೆಲಕ್ಕೆ ಊರಲು ಆಗಲಿಲ್ಲ. ಎರಡನೇ ಎಕ್ಸ್‌ರೇಯಲ್ಲಿ ಎಲ್ಲ ಕಂಡಿತು. ಅದು 2008.

ಆ ಒಂಬತ್ತನೇ ಕ್ಲಾಸಿನ ಹುಡುಗಿ ಅಳುತ್ತಾ ಕೂತದ್ದು ನೆನಪಾಯಿತು. ಅವತ್ತಿನ ಸಾಲ ತೀರಿತು ಅಂದುಕೊಂಡೆ. ಇಂಥ ಹುಚ್ಚು ಲೆಕ್ಕವೆಲ್ಲ ಇಪ್ಪತ್ತೆರಡನೇ ವಯಸ್ಸಿಗೆ ತಲೆಗೆ ಬರುತ್ತದೆ.

ಕಾಲು ವಾಸಿಯಾಯಿತು. ಆದರೆ ಕೆಲಸ ಸಿಗಬೇಕಿತ್ತು. ನಮ್ಮಂಥವರ ಪಾಲಿಗೆ ಓಟದ ಗುರಿ ಒಲಿಂಪಿಕ್ಸ್ ಅಲ್ಲ, ರೈಲ್ವೆ. ಸ್ಪೋರ್ಟ್ಸ್ ಕೋಟಾದಲ್ಲಿ ಒಂದು ನೌಕರಿ ಸಿಕ್ಕರೆ ಸಂಬಳವೂ ಉಂಟು, ಪ್ರಾಕ್ಟೀಸಿಗೆ ಬಿಡುವೂ ಉಂಟು. ಆ ಕೋಟಾಕ್ಕೆ ವಯಸ್ಸು 18ರಿಂದ 25ರ ಒಳಗಿರಬೇಕು. ಜೊತೆಗೆ ರಾಷ್ಟ್ರ ಮಟ್ಟದಲ್ಲೋ ಅಂತರ ವಿಶ್ವವಿದ್ಯಾಲಯ ಕೂಟದಲ್ಲೋ ಹೇಳಿಕೊಳ್ಳುವಂಥ ಸ್ಥಾನ ಬೇಕು. ಕಾಲು ಮುರಿದ ವರ್ಷ ಹೋಯಿತು, ಅದರ ಮುಂದಿನ ವರ್ಷ ಮದುವೆ ಆಯಿತು. ಗಂಡನ ಮನೆಯಲ್ಲಿ ಯಾರೂ ಓಡಬೇಡ ಅನ್ನಲಿಲ್ಲ. ಓಡುತ್ತೀಯಾ ಅಂತಲೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ತಪ್ಪು ಯಾರದು ಅಂತ ಹುಡುಕಿದರೆ ಯಾರದೂ ಸಿಗುವುದಿಲ್ಲ. ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಹೀಗೇ.

2010ರ ಅಕ್ಟೋಬರ್. ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ನಾನು ಆರು ತಿಂಗಳ ಬಸುರಿ, ಟಿವಿ ಮುಂದೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಹೆಂಗಸರ ಹತ್ತು ಸಾವಿರ ಮೀಟರ್. ಕೀನ್ಯಾದವರ ಹಿಂದೆಯೇ ಕವಿತಾ ರಾವುತ್ ಬಂದು ಕಂಚು ಗೆದ್ದಳು, 33 ನಿಮಿಷ 5 ಸೆಕೆಂಡು. ನಾಸಿಕ್ ಜಿಲ್ಲೆಯ ಸಾವರಪಾಡಾ ಅನ್ನುವ ಆದಿವಾಸಿ ಹಳ್ಳಿಯವಳು. ಕಾಮನ್‌ವೆಲ್ತ್ ಟ್ರ್ಯಾಕಿನಲ್ಲಿ ಭಾರತದ ಹೆಂಗಸೊಬ್ಬಳು ವೈಯಕ್ತಿಕವಾಗಿ ಗೆದ್ದ ಮೊದಲ ಪದಕ ಅದು. ಮುಂದಿನ ತಿಂಗಳು ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದೇ ಓಟದಲ್ಲಿ ಕೇರಳದ ಪ್ರೀಜಾ ಶ್ರೀಧರನ್ 31 ನಿಮಿಷ 50 ಸೆಕೆಂಡಿಗೆ ಚಿನ್ನ, ಕವಿತಾ ಬೆಳ್ಳಿ.

ಅತ್ತೆ "ಯಾಕೆ ಅಳ್ತಿದೀಯಾ?" ಅಂದರು. ಗೆದ್ದರಲ್ಲ ಅದಕ್ಕೆ, ಅಂದೆ. ಪೂರ್ತಿ ಸುಳ್ಳೇನಲ್ಲ.

ಇಲ್ಲಿ ನಾನು ಸತ್ಯ ಹೇಳಬೇಕು. ಕಾಲು ಮುರಿಯದೇ ಇದ್ದಿದ್ದರೆ ನಾನೂ ಅಲ್ಲಿರುತ್ತಿದ್ದೆ ಅಂತ ಹೇಳಿದರೆ ಅದು ಬರೀ ಬೊಗಳೆ. ಪ್ರೀಜಾ ಗೆರೆ ದಾಟುವಾಗ, ನನ್ನ ಜೀವನದ ಅತಿ ಒಳ್ಳೆಯ ದಿನದಲ್ಲೂ ನಾನು ಇನ್ನೂ ಇಪ್ಪತ್ತನೇ ಸುತ್ತಿನಲ್ಲಿ ಇರುತ್ತಿದ್ದೆ. ಐದು ಸುತ್ತು ಹಿಂದೆ! ಅದು ಬೇರೆ ಲೋಕ. ನನ್ನನ್ನು ಕಾಡಿದ್ದು ಅದಲ್ಲ. ಅವರ ವಯಸ್ಸು. ಪ್ರೀಜಾಗೆ ಆಗ 28. ರೈಲ್ವೆಯಲ್ಲಿ ಕೆಲಸ. ಕವಿತಾಗೆ 25, ಅವಳೂ ಕೆಲಸದಲ್ಲಿದ್ದಳು. ನನಗೆ 24, ನನ್ನ ಓಟ ಮುಗಿದು ಎರಡು ವರ್ಷವಾಗಿತ್ತು.

ಉದ್ದದ ಓಟ ನೂರು ಮೀಟರಿನ ಹಾಗಲ್ಲ. ಅದು ನಿಧಾನಕ್ಕೆ ಮಾಗುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ನೂಕಲು ಕಲಿಯಬೇಕು. ಮಾಂಸಖಂಡದೊಳಗೆ ಸಣ್ಣ ಸಣ್ಣ ರಕ್ತನಾಳ ಹೊಸದಾಗಿ ಹಬ್ಬಬೇಕು. ಸ್ನಾಯುರಜ್ಜು, ಮೂಳೆ ಗಟ್ಟಿಯಾಗಬೇಕು. ಅದೇ ವೇಗಕ್ಕೆ ಮೊದಲಿಗಿಂತ ಕಮ್ಮಿ ಉಸಿರು ಸಾಕಾಗಬೇಕು. ಇದೆಲ್ಲ ಒಂದೆರಡು ವರ್ಷದ ಕೆಲಸವಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ರೊಮೇನಿಯಾದ ಕಾನ್‌ಸ್ಟಾಂಟಿನಾ ಡಿಟಾಗೆ 38 ವರ್ಷ. ಇಥಿಯೋಪಿಯಾದ ದೆರಾರ್ತು ತುಲು 1992ರಲ್ಲಿ ಬಾರ್ಸಿಲೋನಾದಲ್ಲಿ ಹತ್ತು ಸಾವಿರ ಗೆದ್ದಳು, ಮಗು ಹೆತ್ತಳು, 2000ದಲ್ಲಿ ಸಿಡ್ನಿಯಲ್ಲಿ ಅದೇ ಓಟವನ್ನು ಮತ್ತೆ ಗೆದ್ದಳು, 2009ರಲ್ಲಿ 37ನೇ ವಯಸ್ಸಿಗೆ ನ್ಯೂಯಾರ್ಕ್ ಮ್ಯಾರಥಾನನ್ನೂ ಗೆದ್ದಳು. ಅಷ್ಟು ದೂರ ಯಾಕೆ, ನಮ್ಮ ಎಚ್.ಡಿ. ಕೋಟೆ ದಾಟಿದರೆ ವಯನಾಡು. ಅಲ್ಲಿನ ಒ.ಪಿ. ಜೈಷಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 5000 ಮೀಟರಿಗೆ ಕಂಚು ತಂದಳು, 2014ರಲ್ಲಿ 1500 ಮೀಟರಿಗೆ ಕಂಚು ತಂದಳು. ಮ್ಯಾರಥಾನ್‌ಗೆ ಬಂದದ್ದು ಆಮೇಲೆ. 2015ರಲ್ಲಿ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡು ಓಡಿ ರಾಷ್ಟ್ರೀಯ ದಾಖಲೆ ಮಾಡಿದಾಗ ಅವಳಿಗೆ 32.

ಕಬ್ಬು ಬೆಳೆಯುವವರ ಮಗಳು ನಾನು. ಎಳೆಗಬ್ಬು ಕಡಿದು ಫ್ಯಾಕ್ಟರಿಗೆ ಕಳಿಸಿದರೆ ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆ, ಬರುವುದಿಲ್ಲ ಅಂತ ನಮ್ಮೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ಸಕ್ಕರೆ ಕೂಡುವುದು ಕೊನೆಯ ತಿಂಗಳುಗಳಲ್ಲಿ. ಹುಡುಗಿಯರನ್ನು ಮಾತ್ರ ನಾವು ಇಪ್ಪತ್ತೆರಡಕ್ಕೇ ಕಡಿದು, ರಸ ಇಲ್ಲ ಅನ್ನುತ್ತೇವೆ.

ಕೆಲಸದ ಮಾತು ಬಂತಲ್ಲ, ಪಾರುಲ್ ಚೌಧರಿ ಹೇಳಿದ್ದು ನೆನಪಾಗುತ್ತದೆ. ಮೀರತ್ ಕಡೆಯ ರೈತನ ಮಗಳು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ 5000 ಮೀಟರಿನಲ್ಲಿ ಜಪಾನಿನ ಹುಡುಗಿಯನ್ನು ಕೊನೇ ಗಳಿಗೆಯಲ್ಲಿ ಹಿಂದಿಕ್ಕಿ ಚಿನ್ನ ಗೆದ್ದಳು. ಆ ಕೊನೇ ಐವತ್ತು ಮೀಟರಿನಲ್ಲಿ ಏನು ಯೋಚನೆ ಬಂತು ಅಂದರೆ, ಚಿನ್ನ ಗೆದ್ದರೆ ಉತ್ತರ ಪ್ರದೇಶ ಪೊಲೀಸ್‌ನಲ್ಲಿ ಡಿಎಸ್‌ಪಿ ಮಾಡುತ್ತಾರೆ ಅನ್ನುವುದು, ಅಂತ ಅವಳೇ ಹೇಳಿದಳು. ಕೆಲವರು ನಕ್ಕರು. ದೇಶ, ಬಾವುಟ ಅನ್ನಬೇಕಿತ್ತಂತೆ. ನಾನು ನಗಲಿಲ್ಲ. ಇಷ್ಟು ಪ್ರಾಮಾಣಿಕ ಮಾತನ್ನು ನಾನು ಓಟಗಾರ್ತಿಯರ ಬಾಯಲ್ಲಿ ಕೇಳಿದ್ದು ಕಮ್ಮಿ. ನಮ್ಮ ಮೂವರು ಹುಡುಗಿಯರ ಇಪ್ಪತ್ತೈದನೇ ಸುತ್ತಿನಲ್ಲೂ ಅದೇ ಇರುತ್ತಿತ್ತು, ಡಿಎಸ್‌ಪಿ ಬದಲು ಟಿಕೆಟ್ ಕಲೆಕ್ಟರ್.

ಹನ್ನೆರಡು ವರ್ಷ ನಾನು ಓಡಲಿಲ್ಲ. ಸೀಟಿ ಊದಿದೆ, ಮಕ್ಕಳನ್ನು ಓಡಿಸಿದೆ. 2020ರಲ್ಲಿ ಲಾಕ್‌ಡೌನ್ ಸಡಿಲಾದ ಮೇಲೆ ಒಂದು ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋದೆ. ಕುವೆಂಪು ಅವರೂ ಅಲ್ಲೇ ನಡೆಯುತ್ತಿದ್ದರು ಅಂತ ಮೈಸೂರಿನ ಪ್ರತಿಯೊಬ್ಬ ವಾಕಿಂಗ್ ಮಾಡುವವನೂ ಒಂದು ಸಲವಾದರೂ ಹೇಳುತ್ತಾನೆ. ನಾನೂ ಹೇಳಿಬಿಟ್ಟೆ, ಮುಗಿಯಿತು. ನೀರಿನ ಮೇಲೆ ಹೆಜ್ಜಾರ್ಲೆಗಳು ದೋಣಿಯ ಹಾಗೆ ತೇಲುತ್ತಿದ್ದವು. ಏರಿ ಮೇಲೆ ಮಣ್ಣಿನ ದಾರಿ. ಕಾಲಿಗೆ ನಾಲೆ ಏರಿಯ ನೆನಪು ಬಂತೋ ಏನೋ, ಚೂಡಿದಾರ್‌ನಲ್ಲೇ ಓಡಿದೆ. ಇನ್ನೂರು ಮೀಟರ್ ಓಡುವಷ್ಟರಲ್ಲಿ ಎದೆ ಒಡೆದುಹೋಗುತ್ತೆ ಅನ್ನಿಸಿತು. ಬೆಂಚಿನ ಮೇಲೆ ಕೂತು ನಗಾಡಿದೆ. ಇನ್ನೂರು ಮೀಟರ್ ಅಂದರೆ ಆ ಹೋಬಳಿ ಮೈದಾನದ ಒಂದು ಸುತ್ತು.

ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ, ಮತ್ತೆ ಓಡ್ತಿದೀನಿ ಅಂತ. ಅವರು ಕೂಳೆ ಕಬ್ಬಿಗೆ ಗೊಬ್ಬರ ಹಾಕಿಸುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿದ ಬುಡ ಮತ್ತೆ ಚಿಗುರಿ ಬೆಳೆಯುವುದೇ ಕೂಳೆ. ಹೊಸದಾಗಿ ಬಿತ್ತನೆ ಬೇಕಿಲ್ಲ. ಅಪ್ಪ ತಲೆ ಎತ್ತದೆ, "ಕೂಳೆ ಬೇಗ ಮಾಗ್ತದೆ ಕಣವ್ವ. ಬೇರು ಅಲ್ಲೇ ಇರ್ತದಲ್ಲ" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಸರಿಯಾಗಿ ಗೊಬ್ಬ್ರ ಕಾಣಿಸ್ಬೇಕು ಅಷ್ಟೆಯ. ಕೂಳೆ ಅಂತ ಸಸಾರ ಮಾಡುದ್ರೆ ಏನೂ ಬರಾಕಿಲ್ಲ" ಅಂದರು. ಕಬ್ಬಿನ ಬಗ್ಗೆಯೇ ಹೇಳಿದ್ದು ಇರಬಹುದು.

ನಾನು ಗೊಬ್ಬರ ಹಾಕಿಕೊಂಡೆ. ಮೊದಲು ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 9.8. ಹೆಂಗಸರಿಗೆ 12 ಇರಬೇಕು. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆಮ್ಲಜನಕ ಹೊರುವುದೇ ಹಿಮೋಗ್ಲೋಬಿನ್, ಅದೇ ಇಲ್ಲದೆ ಓಡುವುದು ಅಂದರೆ ಅರ್ಧ ಬಿಂದಿಗೆಯಲ್ಲಿ ತೊಟ್ಟಿ ತುಂಬಿಸಿದ ಹಾಗೆ. ಕಬ್ಬಿಣದ ಮಾತ್ರೆ ತಗೊಂಡೆ. ಊಟ ಆದ ತಕ್ಷಣ ಕಾಫಿ ಕುಡಿಯುವುದನ್ನು ಬಿಟ್ಟೆ, ಊಟದಲ್ಲಿನ ಕಬ್ಬಿಣಾಂಶ ಮೈಗೆ ಸೇರಲು ಕಾಫಿ ಬಿಡುವುದಿಲ್ಲ. ಮೈಸೂರಿನಲ್ಲಿದ್ದು ಇದನ್ನು ಬಿಡುವುದು ಮೆಟ್ಟಿಲು ಹತ್ತುವುದಕ್ಕಿಂತ ಕಷ್ಟ. ಮುದ್ದೆ ವಾಪಸ್ ಬಂತು, ಸೊಪ್ಪಿನ ಸಾರಿಗೆ ನಿಂಬೆಹಣ್ಣು ಬಂತು. ಆರು ತಿಂಗಳಿಗೆ ಐದು ಕಿಲೋಮೀಟರ್, ವರ್ಷಕ್ಕೆ ಹತ್ತು.

ನಮ್ಮನೆಯವರು ಮೊದಲು "ಈ ವಯಸ್ಸಲ್ಲಿ ಯಾಕೆ?" ಅಂದರು. ಈಗ ಬೆಳಗ್ಗೆ ಅವರೇ ಮಗಳಿಗೆ ಟಿಫನ್ ಬಾಕ್ಸ್ ಕಟ್ಟುತ್ತಾರೆ. ಉಪ್ಪು ಸ್ವಲ್ಪ ಜಾಸ್ತಿ ಹಾಕುತ್ತಾರೆ ಅಂತ ಮಗಳ ದೂರು. ಕೆರೆ ಹತ್ತಿರ ಕಾಲೇಜು ಹುಡುಗರು "ಆಂಟಿ, ಸೈಡು" ಅಂತ ಮುಂದೆ ಹೋಗುತ್ತಾರೆ. ಮೂರನೇ ಸುತ್ತಿನಲ್ಲಿ ಅವರು ಸೊಂಟದ ಮೇಲೆ ಕೈ ಇಟ್ಟು ನಿಂತಿರುತ್ತಾರೆ. ಆಗ ನಾನು "ಸೈಡು" ಅನ್ನುವುದಿಲ್ಲ. ಸುಮ್ನೆ ಪಕ್ಕದಲ್ಲೇ ಹಾದು ಹೋಗುತ್ತೇನೆ. ಅದರ ಖುಷಿಯೇ ಬೇರೆ.

2024ರಲ್ಲಿ, 38ನೇ ವಯಸ್ಸಿನಲ್ಲಿ, ಹತ್ತು ಕಿಲೋಮೀಟರ್ ರಸ್ತೆ ಓಟ 41 ನಿಮಿಷ 38 ಸೆಕೆಂಡಿಗೆ ಮುಗಿಸಿದೆ. ಗೆರೆ ದಾಟಿ ನಿಂತು ಲೆಕ್ಕ ಹಾಕಿದೆ. ಹದಿನೇಳು ವರ್ಷದಲ್ಲಿ ನಾನು ಕಳೆದುಕೊಂಡದ್ದು 86 ಸೆಕೆಂಡ್. ಅದರಲ್ಲಿ ಹನ್ನೆರಡು ವರ್ಷ ಓಡಿಯೇ ಇರಲಿಲ್ಲ. ಅವತ್ತು ಅಳು ಬರಲಿಲ್ಲ, ಸಿಟ್ಟು ಬಂತು. ಬಿಡದೆ ಓಡಿದ್ದಿದ್ದರೆ ಅನ್ನುವ ಸಿಟ್ಟು. ಅದು ಇನ್ನೂ ಪೂರ್ತಿ ಇಳಿದಿಲ್ಲ.

ನಮ್ಮ ಶಾಲೆಯಲ್ಲಿ ಈಗ ಒಬ್ಬ ಹುಡುಗಿ ಇದ್ದಾಳೆ. ಒಂಬತ್ತನೇ ಕ್ಲಾಸು, ಹದಿನಾಲ್ಕು ವರ್ಷ. ಮೂರು ಸಾವಿರ ಓಡುವಾಗ ಮೊದಲ ಸುತ್ತುಗಳಲ್ಲಿ ಯಾರು ಎಷ್ಟು ಮುಂದೆ ಹೋದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದನ್ನು ಹೇಳಿಕೊಡಲು ಆಗುವುದಿಲ್ಲ, ಬಂದರೆ ತಾನಾಗಿಯೇ ಬರಬೇಕು. ಅವಳ ತಾಯಿ ದೇವರಾಜ ಮಾರ್ಕೆಟ್ಟಿನಲ್ಲಿ ಹೂ ಮಾರುತ್ತಾರೆ. ಹೋದ ವಾರ ಶಾಲೆಗೆ ಬಂದಿದ್ದರು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಓಟ ನಿಲ್ಲಿಸಬೇಕು ಅಂತ ಯಾರೋ ನೆಂಟರು ಹೇಳಿದ್ದರಂತೆ.

"ಇನ್ನೆಷ್ಟ್ ವರ್ಷ ಓಡ್ತಾಳೆ ಮೇಡಂ?" ಅಂತ ಕೇಳಿದರು.

ನಾನು ಮೂವತ್ತೆಂಟರಲ್ಲಿ ಹದಿನಾಲ್ಕು ಕಳೆದೆ. "ಇಪ್ಪತ್ನಾಲ್ಕು" ಅಂದೆ.

ತಮಾಷೆ ಅಂದುಕೊಂಡು ನಕ್ಕರು. ನಾನು ನಗದೇ ಇದ್ದದ್ದು ನೋಡಿ ಅವರೂ ನಿಲ್ಲಿಸಿದರು. ಮೊಳ ಹಾಕಿ ಹಾಕಿ ಅಭ್ಯಾಸವಾದ ಕೈ, ಸೆರಗಿನ ಅಂಚನ್ನೇ ಒಂದೆರಡು ಸಲ ಅಳೆಯಿತು.

"ಬೆಳಗ್ಗೆ ಎಷ್ಟೊತ್ತಿಗೆ ಕಳಿಸ್ಲಿ? ನಾನಂತೂ ನಾಲ್ಕಕ್ಕೇ ಎದ್ದಿರ್ತೀನಿ."

"ಐದೂವರೆಗೆ ಸಾಕು. ಗೇಟಿನ ಹತ್ರ ನಾನೇ ನಿಂತಿರ್ತೀನಿ. ಖಾಲಿ ಹೊಟ್ಟೇಲಿ ಕಳಿಸ್ಬೇಡಿ, ಒಂದು ಬಾಳೆಹಣ್ಣಾದ್ರೂ ಕೊಡಿ."